ಅಳತೆ ಟೇಪು ಹೇಳದ ಲೆಕ್ಕ

ಜಪಾನಿನಲ್ಲಿ ಕಾರು ಕೊಳ್ಳಲು ದುಡ್ಡೊಂದಿದ್ದರೆ ಸಾಲದು. ಅದನ್ನು ನಿಲ್ಲಿಸಲು ಜಾಗ ಇದೆಯೆಂದು ಪೊಲೀಸ್ ಠಾಣೆಗೆ ತೋರಿಸಿಕೊಡಬೇಕು. 1962ರಲ್ಲಿ ಬಂದ ಕಾನೂನು ಇದು. ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಸ್ವಂತದ್ದೋ ಬಾಡಿಗೆಯದ್ದೋ ಒಂದು ಜಾಗವಿರಬೇಕು. ಅದರ ನಕ್ಷೆಯನ್ನು ಅಳತೆ ಸಮೇತ ಬರೆದುಕೊಡಬೇಕು. ಠಾಣೆಯಿಂದ ಪ್ರಮಾಣಪತ್ರ ಬಂದ ಮೇಲೆಯೇ ಕಾರಿನ ನೋಂದಣಿ. ಕೆಲವು ಹಳ್ಳಿಗಾಡುಗಳಿಗೆ ವಿನಾಯಿತಿ ಉಂಟು, ಟೋಕಿಯೊದಂಥ ನಗರಗಳಿಗೆ ಇಲ್ಲ. ರಾತ್ರಿಯಿಡೀ ಕಾರನ್ನು ಬೀದಿಬದಿಯಲ್ಲಿ ಬಿಡುವಂತಿಲ್ಲವಾದ್ದರಿಂದ ಅಲ್ಲಿನ ಇಕ್ಕಟ್ಟಾದ ಮನೆಗಳು ನೆಲಮಹಡಿಯ ಒಂದು ಭಾಗವನ್ನೇ ಗ್ಯಾರೇಜಿಗೆ ಬಿಟ್ಟುಕೊಟ್ಟಿರುತ್ತವೆ. ಎದುರಿಗೆ ಗಲ್ಲಿ. ಹೊಸದಾಗಿ ಮನೆ ಕಟ್ಟುವ ನಿವೇಶನಕ್ಕೆ ನಾಲ್ಕು ಮೀಟರ್ ಅಗಲದ ರಸ್ತೆಯಾದರೂ ತಾಗಿರಬೇಕೆಂದು ಕಟ್ಟಡ ಕಾಯಿದೆ ಹೇಳುತ್ತದೆ. ಹಳೆಯ ಬಡಾವಣೆಗಳಲ್ಲಿ ಅಷ್ಟೂ ಇಲ್ಲದ ಓಣಿಗಳು ಬೇಕಾದಷ್ಟಿವೆ.

ಇಂಥ ಓಣಿಯಲ್ಲಿ, ಎರಡೂವರೆ ಮೀಟರ್ ಅಗಲದ ಗ್ಯಾರೇಜಿನಲ್ಲಿ, ಒಂದು ಪೋರ್ಶೆ 911 ನಿಲ್ಲಬೇಕು ಅಂದುಕೊಳ್ಳೋಣ. ಈಗಿನ 911ರ ಮೈ ಅಗಲ 1.85 ಮೀಟರ್. ಟೇಪು ಹಿಡಿದವರು 65 ಸೆಂಟಿಮೀಟರ್ ಮಿಗುತ್ತದೆಂದು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಆ ಟೇಪು ಉತ್ತರ ಕೊಟ್ಟದ್ದು ಒಂದೇ ಪ್ರಶ್ನೆಗೆ: ಕಾರು ಒಳಗೆ ಹಿಡಿಸುತ್ತದೆಯೇ? ಅದು ಅಲ್ಲಿಯವರೆಗೆ ತಿರುಗಿ ಬರಬಲ್ಲದೇ, ಬಂದ ಮೇಲೆ ಓಡಿಸಿದವರು ಇಳಿಯಬಲ್ಲರೇ ಎಂಬ ಇನ್ನೆರಡು ಪ್ರಶ್ನೆಗಳು ಹಾಗೇ ಉಳಿದಿವೆ. ಕಷ್ಟವಿರುವುದು ಅಲ್ಲಿ.

ಸ್ಪೋರ್ಟ್ಸ್ ಕಾರು ಇಷ್ಟು ಅಗಲವಾದದ್ದಾದರೂ ಏಕೆ? 1964ರ ಮೊದಲ 911 ಕೇವಲ 1.61 ಮೀಟರ್ ಅಗಲವಿತ್ತು. ತಿರುವಿನಲ್ಲಿ ವೇಗವಾಗಿ ಹೋಗುವಾಗ ಕಾರಿನ ಭಾರ ಒಳಬದಿಯ ಗಾಲಿಗಳಿಂದ ಹೊರಬದಿಯ ಗಾಲಿಗಳಿಗೆ ಸರಿಯುತ್ತದೆ. ಎಷ್ಟು ಸರಿಯುತ್ತದೆ ಎಂಬುದನ್ನು ಎರಡು ಅಳತೆಗಳು ತೀರ್ಮಾನಿಸುತ್ತವೆ: ಕಾರಿನ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ, ಎಡ-ಬಲ ಗಾಲಿಗಳ ನಡುವೆ ಎಷ್ಟು ಅಂತರವಿದೆ. ಎತ್ತರ ತಗ್ಗಿದಷ್ಟೂ ಅಂತರ ಹಿಗ್ಗಿದಷ್ಟೂ ನಾಲ್ಕು ಟೈರುಗಳು ಹೊರೆಯನ್ನು ಸಮನಾಗಿ ಹೊರುತ್ತವೆ, ರಸ್ತೆಯ ಹಿಡಿತ ಹೆಚ್ಚುತ್ತದೆ. ಟೈರುಗಳೂ ದಪ್ಪಗಾದವು. ಮೊದಲ 911ರ ಟೈರು 165 ಮಿಲಿಮೀಟರ್ ಅಗಲದ್ದು. ಈಗಿನ 911 ಕರೇರಾ ಮಾದರಿಯ ಹಿಂದಿನ ಟೈರು 295. ಪಕ್ಕದಿಂದ ಡಿಕ್ಕಿಯಾದರೆ ಒಳಗಿನವರನ್ನು ಕಾಯಲು ಬಾಗಿಲೊಳಗೆ ಉಕ್ಕಿನ ತೊಲೆ, ಗಾಳಿಚೀಲ ಸೇರಿದವು. ಈ ಕೊನೆಯದನ್ನು ಯಾರೂ ಬೇಡವೆನ್ನಲಾರರು. ಆದರೆ ಹಿಡಿತಕ್ಕಾಗಿ ಬೆಳೆದ ಅಗಲದ ಬಹುಪಾಲು ರೇಸ್ ಟ್ರ್ಯಾಕಿನಲ್ಲಿ ಮಾತ್ರ ಕೆಲಸಕ್ಕೆ ಬರುವಂಥದ್ದು. ದಿನದ ಓಡಾಟದಲ್ಲಿ ಅದನ್ನು ಮುಟ್ಟುವ ಸಂದರ್ಭವೇ ಬಾರದು. ಕನ್ನಡಿಗಳನ್ನೂ ಸೇರಿಸಿದರೆ ಇಂದಿನ 911 ಸುಮಾರು 2.02 ಮೀಟರ್ ಆಗುತ್ತದೆ. ಜಪಾನಿನ ಹಳೆಯ ಯಾಂತ್ರಿಕ ಪಾರ್ಕಿಂಗ್ ಗೋಪುರಗಳಲ್ಲಿ ಅನೇಕವು ಒಪ್ಪುವ ಮೈ ಅಗಲದ ಮಿತಿ 1.85 ಮೀಟರ್. ಕಂಪನಿಯ ಲೆಕ್ಕದಲ್ಲಿ ಈ ಕಾರು 1.852.

ಇನ್ನು ತಿರುಗುವ ಮಾತು. ಕಾರು ತಿರುಗುವಾಗ ನಾಲ್ಕು ಗಾಲಿಗಳೂ ಬೇರೆ ಬೇರೆ ವೃತ್ತಗಳಲ್ಲಿ ಉರುಳುತ್ತವೆ, ಆದರೆ ಆ ವೃತ್ತಗಳಿಗೆಲ್ಲ ಕೇಂದ್ರ ಒಂದೇ. ಹಿಂದಿನ ಅಚ್ಚನ್ನು ಪಕ್ಕಕ್ಕೆ ಉದ್ದಕ್ಕೂ ಎಳೆದಂತೆ ಊಹಿಸಿಕೊಂಡರೆ ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ ಆ ಕೇಂದ್ರ ಬೀಳುತ್ತದೆ. ಅದಕ್ಕಾಗಿ ಮುಂದಿನ ಎರಡು ಗಾಲಿಗಳಲ್ಲಿ ಒಳಬದಿಯದು ಹೆಚ್ಚು, ಹೊರಬದಿಯದು ಕಡಿಮೆ ತಿರುಗಬೇಕು. ಈ ಏರ್ಪಾಟು ಹೊಳೆದದ್ದು ಕಾರು ಹುಟ್ಟುವ ಎಷ್ಟೋ ಮೊದಲು, ಮ್ಯೂನಿಕ್‌ನಲ್ಲಿ ಸಾರೋಟು ಕಟ್ಟುತ್ತಿದ್ದ ಲಾಂಕೆನ್‌ಸ್ಪೆರ್ಗರ್‌ಗೆ. ಅವನ ಪರವಾಗಿ 1818ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವನು ರುಡಾಲ್ಫ್ ಆಕರ್‌ಮನ್. ಇಂದಿಗೂ ಎಂಜಿನಿಯರಿಂಗ್ ಪಠ್ಯಗಳಲ್ಲಿರುವುದು ಆಕರ್‌ಮನ್ ಹೆಸರೇ.

ಈ ಜ್ಯಾಮಿತಿಯ ಫಲವೆಂದರೆ ಹಿಂದಿನ ಗಾಲಿಗಳು ಯಾವಾಗಲೂ ಮುಂದಿನವಕ್ಕಿಂತ ಒಳಗೆ ಕೊಯ್ದುಕೊಂಡು ಹೋಗುತ್ತವೆ. 911ರ ಮುಂದಿನ-ಹಿಂದಿನ ಗಾಲಿಗಳ ನಡುವೆ 2.45 ಮೀಟರ್ ಇದೆ. ಹೊರಬದಿಯ ಮುಂದಿನ ಗಾಲಿ ಐದೂವರೆ ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ, ಅದರ ಹಿಂದಿರುವ ಗಾಲಿ ಸುಮಾರು 58 ಸೆಂಟಿಮೀಟರ್ ಒಳಗೆ ಉರುಳುತ್ತದೆ. ಗಾಲಿಯಿಂದ ಮುಂದಕ್ಕೆ ಚಾಚಿರುವ ಮೂತಿಯ ಹೊರಮೂಲೆ ಇನ್ನೂ ಹೊರಗೆ ಬೀಸುತ್ತದೆ. ಎಲ್ಲ ಕೂಡಿಸಿದರೆ 1.85 ಮೀಟರ್ ಅಗಲದ ಕಾರು ತಿರುಗುವಾಗ ನೆಲದ ಮೇಲೆ ಗುಡಿಸುವ ಪಟ್ಟಿ ಹತ್ತಿರ ಹತ್ತಿರ ಮೂರು ಮೀಟರ್. ಎರಡೂವರೆ ಮೀಟರಿನ ಬಾಯಿಯೊಳಗೆ ಅದು ತಿರುಗುತ್ತಲೇ ಮೂತಿ ಮುಂದಾಗಿ ನುಗ್ಗಲಾರದು. ಮೊದಲು ನೇರವಾಗಬೇಕು, ನೇರವಾಗಲು ಓಣಿಯಲ್ಲಿ ಜಾಗವಿಲ್ಲ.

ರಿವರ್ಸ್‌ನಲ್ಲಿ ಹೋದರೆ ಇದೇ ಕಾರು ಒಳಗೆ ಹೋಗುತ್ತದೆ. ಪಟ್ಟಿಯನ್ನು ಅಗಲ ಮಾಡುತ್ತಿರುವುದು ಮೂತಿಯ ಮೂಲೆ ಎಂಬುದನ್ನು ನೆನಪಿಡಬೇಕು. ಹಿಂದಿನ ಅಚ್ಚಿನ ಬಳಿ ಕಾರು ಗುಡಿಸುವುದು ತನ್ನ ಸ್ವಂತ ಅಗಲವನ್ನಷ್ಟೇ. ಹಿಂಭಾಗವನ್ನು ಗ್ಯಾರೇಜಿನ ಬಾಯಿಗೆ ಮೊದಲು ಒಪ್ಪಿಸಿದರೆ, ಬೀಸುವ ಮೂತಿ ಓಣಿಯಲ್ಲೇ ಉಳಿಯುತ್ತದೆ, ಅಲ್ಲಿ ಅದಕ್ಕೆ ಆಡಲು ಜಾಗವಿದೆ. ಗ್ಯಾರೇಜಿನ ಬಾಯಿಯಲ್ಲಿ ತಿರುವಿನ ಒಳಬದಿಯ ಗೋಡೆಯಂಚಿಗೆ ಹಿಂಗಾಲಿಯನ್ನು ಒತ್ತರಿಸಿ, ಆಮೇಲೆ ಮೂತಿಯನ್ನು ಸುತ್ತಿಸಿ ತರುವುದು ಇದರ ಕ್ರಮ. ಜಪಾನಿನಲ್ಲಿ ಬಹುತೇಕರು ಎಲ್ಲಿ ನಿಲ್ಲಿಸಿದರೂ ರಿವರ್ಸ್‌ನಲ್ಲೇ ನಿಲ್ಲಿಸುವುದರ ಹಿಂದೆ ಈ ಲೆಕ್ಕವೂ ಇದೆ. ಓಣಿ ತೀರಾ ಕಿರಿದಾದ ಕಡೆ ಮನೆಯವರು ನೆಲದಲ್ಲಿ ತಿರುಗುತಟ್ಟೆಯನ್ನೇ ಹೂಳಿಸುತ್ತಾರೆ. ಕಾರು ಅದರ ಮೇಲೆ ನಿಂತರೆ ತಟ್ಟೆ ಅದನ್ನು ತಿರುಗಿಸಿ ಕೊಡುತ್ತದೆ.

ಕಾರಿನ ಉದ್ದವನ್ನು ಮೋಸಗೊಳಿಸುವ ಇನ್ನೊಂದು ಉಪಾಯ ಹಿಂದಿನ ಗಾಲಿಗಳನ್ನೂ ತಿರುಗಿಸುವುದು. 1987ರ ಹೊಂಡಾ ಪ್ರಿಲ್ಯೂಡ್ ಇದನ್ನು ಬರೀ ಹಲ್ಲುಗಾಲಿ, ದಂಡಗಳಲ್ಲೇ ಸಾಧಿಸಿತ್ತು, ಎಲೆಕ್ಟ್ರಾನಿಕ್ಸ್ ಇಲ್ಲದೆ. ಸ್ಟೀರಿಂಗನ್ನು ಸ್ವಲ್ಪ ತಿರುಗಿಸಿದರೆ ಹಿಂದಿನ ಗಾಲಿಗಳು ಮುಂದಿನವುಗಳ ದಿಕ್ಕಿಗೇ ವಾಲುತ್ತಿದ್ದವು. ಹೆದ್ದಾರಿಯಲ್ಲಿ ಕಾರು ಸ್ಥಿರವಾಗಿರಲು ಅದು ಬೇಕು. ಪೂರ್ತಿ ತಿರುಗಿಸಿದರೆ ವಿರುದ್ಧ ದಿಕ್ಕಿಗೆ ತಿರುಗುತ್ತಿದ್ದವು. ಈಗ ಇದೇ ಕೆಲಸವನ್ನು ಮೋಟಾರುಗಳು ಮಾಡುತ್ತವೆ, 911ರಲ್ಲೂ ಇದನ್ನು ಪಡೆಯಬಹುದು. ಹಿಂದಿನ ಗಾಲಿ ವಿರುದ್ಧವಾಗಿ ಮೂರು ಡಿಗ್ರಿ ತಿರುಗಿದರೂ ಸಾಕು, ಕಾರು ನೂರಕ್ಕೆ ಆರೇಳರಷ್ಟು ಗಿಡ್ಡವಾದಂತೆ ತಿರುಗುತ್ತದೆ. ಇದರಲ್ಲೊಂದು ಅಪಾಯವೂ ಇದೆ. ಗೋಡೆಗೆ ಒತ್ತಿ ನಿಂತ ಕಾರನ್ನು ಸ್ಟೀರಿಂಗ್ ತಿರುಗಿಸಿಕೊಂಡೇ ಹೊರಗೆ ತೆಗೆದರೆ ಅದರ ಹಿಂದಿನ ಮೂಲೆ ಗೋಡೆಯ ಕಡೆಗೇ ಸರಿಯುತ್ತದೆ, ಮಾಮೂಲಿ ಕಾರಿಗಿಂತ ಹೆಚ್ಚು. ಹಿಂಭಾಗ ಬಾಗಿಲು ದಾಟುವವರೆಗೂ ನೇರವಾಗಿ ಬರಬೇಕು.

ಗ್ಯಾರೇಜಿನ ನೆಲ ರಸ್ತೆಗಿಂತ ಮೇಲೋ ಕೆಳಗೋ ಇದ್ದರೆ ಕಾರಿನ ಹೊಟ್ಟೆಯ ಪ್ರಶ್ನೆ ಬರುತ್ತದೆ. ಐದಡಿ ಮುಂದೆ ಹೋದರೆ ಒಂದಡಿ ಏರುವ ಇಳಿಜಾರು ಕಣ್ಣಿಗೇನೂ ಕಡಿದಾಗಿ ಕಾಣುವುದಿಲ್ಲ. ಅದರ ಕೋನ 11.3 ಡಿಗ್ರಿ. 2.45 ಮೀಟರ್ ಅಂತರದ ಗಾಲಿಗಳ ನಡುವೆ ಹೊಟ್ಟೆ ನೆಲದಿಂದ 12 ಸೆಂಟಿಮೀಟರ್ ಮೇಲಿದ್ದರೆ ಅದು ದಾಟಬಲ್ಲ ನೆತ್ತಿಯ ಕೋನ 11.2 ಡಿಗ್ರಿ. ಅಂದರೆ ಏರು ಮುಗಿದು ಸಮತಟ್ಟು ಶುರುವಾಗುವ ಅಂಚು ಕಾರಿನ ನಡುಹೊಟ್ಟೆಯನ್ನು ಸವರುತ್ತದೆ. ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಮುಂದಿನ ಚರಂಡಿ ದಾಟಿಸಲು ಹಾಕಿರುವ ಕಾಂಕ್ರೀಟ್ ಇಳಿಜಾರುಗಳು ಅನೇಕ ಕಡೆ ಇದಕ್ಕಿಂತ ಕಡಿದು. ಓರೆಯಾಗಿ ಹತ್ತಿಸಿದರೆ ಏರು ಸೌಮ್ಯವಾಗುತ್ತದೆ, 45 ಡಿಗ್ರಿ ಓರೆಯಲ್ಲಿ ಐದಕ್ಕೊಂದು ಇದ್ದದ್ದು ಏಳಕ್ಕೊಂದಾಗುತ್ತದೆ. ಆದರೆ ಕಿರಿದಾದ ಬಾಯಿಯ ಮುಂದೆ ಓರೆಯಾಗಲು ಎಡೆಯೆಲ್ಲಿ? ಮೂತಿಯನ್ನು ಗುಂಡಿಯೊತ್ತಿ ನಾಲ್ಕು ಸೆಂಟಿಮೀಟರ್ ಎತ್ತುವ ವ್ಯವಸ್ಥೆ ಈಗಿನ ಅನೇಕ ಸ್ಪೋರ್ಟ್ಸ್ ಕಾರುಗಳಲ್ಲಿದೆ. ಇಳಿಜಾರಿನ ಬುಡದಲ್ಲಿ ಗದ್ದ ತಾಗದಿರಲು ಅದು ಸಾಕಾದೀತು. ನಡುಹೊಟ್ಟೆಗೆ ಸಿಗುವುದು ಅದರ ಅರ್ಧ ಮಾತ್ರ. ಶಾಶ್ವತ ಪರಿಹಾರ ಗಾರೆ ಕೆಲಸದವರ ಕೈಯಲ್ಲಿದೆ. ಏರಿನ ಬುಡದಲ್ಲೂ ನೆತ್ತಿಯಲ್ಲೂ ಎರಡೂವರೆ ಮೀಟರಿನಷ್ಟು ಉದ್ದಕ್ಕೆ ಅರ್ಧ ಇಳಿಜಾರು ಕೊಟ್ಟರೆ ಒಂದು ದೊಡ್ಡ ಕೋನ ಎರಡು ಸಣ್ಣ ಕೋನಗಳಾಗಿ ಒಡೆಯುತ್ತದೆ.

ಕಾರು ಒಳಗೆ ಬಂತು. ಈಗ ಇಳಿಯಬೇಕು. ಆಚೆ ಬದಿಯ ಗೋಡೆಗೆ 15 ಸೆಂಟಿಮೀಟರ್ ಬಿಟ್ಟರೆ ಚಾಲಕನ ಕಡೆ ಮಿಗುವುದು 50. ಎರಡೇ ಬಾಗಿಲಿನ ಕಾರಿನಲ್ಲಿ ಬಾಗಿಲು ಉದ್ದ, 1.2 ಮೀಟರಿನಷ್ಟು. ಅದರ ತುದಿ 25 ಡಿಗ್ರಿ ತೆರೆಯುವಷ್ಟರಲ್ಲಿ ಗೋಡೆ ಮುಟ್ಟುತ್ತದೆ. ತುದಿಯಲ್ಲಿ ಅರ್ಧ ಮೀಟರ್ ಸಂದಿ ಇದ್ದರೂ ಕೂತವರ ಸೊಂಟ ಇರುವ ಕಡೆ ಅದು 30 ಸೆಂಟಿಮೀಟರಿನ ಆಸುಪಾಸು, ಅದರಲ್ಲೂ ಬಾಗಿಲಿನ ದಪ್ಪ ಕಳೆಯಬೇಕು. ತಗ್ಗು ಸೀಟು ಇದನ್ನು ಇನ್ನೂ ಕಷ್ಟ ಮಾಡುತ್ತದೆ. ಎತ್ತರದ ಸೀಟಿನಿಂದ ಜಾರಿ ಇಳಿಯಬಹುದು. ನೆಲಕ್ಕೆ ಹತ್ತಿರದ ಸೀಟಿನಿಂದ ಏಳಬೇಕಾದರೆ ಕಾಲು ಹೊರಗಿಟ್ಟು, ತಲೆ-ಎದೆಯನ್ನು ಪಾದದ ಮೇಲೆ ಬರುವಷ್ಟು ಹೊರಕ್ಕೆ ಚಾಚಬೇಕು. ಮೊಣಕಾಲು ನೋವಿರುವವರಿಗೆ ಇದು ಪ್ರತಿದಿನದ ಶಿಕ್ಷೆ. ಕಾರು ಆರಿಸುವಾಗ ಅಶ್ವಶಕ್ತಿಗಿಂತ ಮೊದಲು ನೋಡಬೇಕಾದದ್ದು ಈ ಚಲನೆಯನ್ನು ಎಂದೇ ನನ್ನ ಅಭಿಪ್ರಾಯ.

ಬಾಗಿಲನ್ನು ಬೇರೆ ರೀತಿ ತೆರೆದ ಕಾರುಗಳ ಚರಿತ್ರೆ ಸೊಗಸಾಗಿದೆ. 1954ರ ಮರ್ಸಿಡಿಸ್ 300 ಎಸ್‌ಎಲ್‌ನ ಬಾಗಿಲುಗಳು ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆದುಕೊಂಡದ್ದು ಅಂದಕ್ಕಾಗಿ ಅಲ್ಲ. ಅದರ ಅಸ್ಥಿಪಂಜರದ ಉಕ್ಕಿನ ಕೊಳವೆಗಳು ಪಕ್ಕದಲ್ಲಿ ಎಷ್ಟು ಎತ್ತರಕ್ಕಿದ್ದವೆಂದರೆ ಮಾಮೂಲಿ ಬಾಗಿಲಿಗೆ ಜಾಗವೇ ಇರಲಿಲ್ಲ. 1981ರ ಡಿಲೋರಿಯನ್ ಕಾರಿನ ರೆಕ್ಕೆ-ಬಾಗಿಲಿಗೆ ಪಕ್ಕದಲ್ಲಿ ಸುಮಾರು 28 ಸೆಂಟಿಮೀಟರ್ ಸಾಕಾಗುತ್ತಿತ್ತು. ಆ ಭಾರದ ಬಾಗಿಲನ್ನು ಎತ್ತಿ ಹಿಡಿಯುವ ತಿರುಚು-ಸರಳುಗಳನ್ನು ವಿಮಾನ ಕಟ್ಟುವ ಗ್ರಮ್ಮನ್ ಕಂಪನಿ ತೀವ್ರ ಚಳಿಯಲ್ಲಿ ತಿರುಚಿ ಹದಮಾಡಿತ್ತು. ವಿನ್ಯಾಸಕ ಮಾರ್ಚೆಲ್ಲೊ ಗಾಂದಿನಿ 1968ರ ಕಾರಾಬೊ ಮಾದರಿಯಲ್ಲಿ ಬಾಗಿಲನ್ನು ಮುಂದಿನ ತಿರುಗಣಿಯ ಮೇಲೆ ಕತ್ತರಿಯ ಅಲಗಿನಂತೆ ಮೇಲೆತ್ತಿದರು, ಅದನ್ನೇ ಲಂಬೋರ್ಗಿನಿ ಕೌಂಟಾಶ್‌ಗೆ ತಂದರು. ಆ ಕಾರಿನಲ್ಲಿ ಹಿಂದೆ ಏನೂ ಕಾಣದು. ಬಾಗಿಲು ಎತ್ತಿ, ಹೊಸ್ತಿಲ ಮೇಲೆ ಕೂತು, ಹೊರಗೆ ಬಾಗಿ ಹಿಂದಕ್ಕೆ ನೋಡುತ್ತ ರಿವರ್ಸ್ ಮಾಡುವುದು ಅದರ ಪ್ರಸಿದ್ಧ ವರಸೆ. ತಾರಸಿ ತಗ್ಗಿರುವ ಗ್ಯಾರೇಜಿನಲ್ಲಿ ಈ ಯಾವ ಬಾಗಿಲೂ ಉಪಯೋಗಕ್ಕೆ ಬಾರದು. ಮೇಲಕ್ಕೂ ಪಕ್ಕಕ್ಕೂ ಜಾಗ ಬೇಡದ ಬಾಗಿಲೆಂದರೆ ಬಿಎಂಡಬ್ಲ್ಯು ಝಡ್1ರದ್ದು. 1989ರಿಂದ 1991ರವರೆಗೆ ಎಂಟು ಸಾವಿರ ಮಾತ್ರ ತಯಾರಾದ ಆ ಕಾರಿನಲ್ಲಿ ಬಾಗಿಲು ವಿದ್ಯುತ್ ಮೋಟಾರಿನಿಂದ ಕೆಳಗಿಳಿದು ಹೊಸ್ತಿಲೊಳಗೆ ಮಾಯವಾಗುತ್ತಿತ್ತು.

ಇನ್ನು ಹೊರಡುವ ಮಾತು. ರಿವರ್ಸ್‌ನಲ್ಲಿ ನಿಲ್ಲಿಸಿದ ಕಾರಿನ ಹೊಗೆಕೊಳವೆ ಒಳಗೋಡೆಯ ಕಡೆಗಿರುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ನಿಮಿಷದಲ್ಲೇ ಇಂಗಾಲದ ಮಾನಾಕ್ಸೈಡ್ ಅತಿ ಹೆಚ್ಚು ಬರುವುದು, ಏಕೆಂದರೆ ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಇನ್ನೂ ಬಿಸಿಯಾಗಿರುವುದಿಲ್ಲ. ವಾಸನೆಯಿಲ್ಲದ ಆ ವಿಷ ಕಿರಿದಾದ ಕೋಣೆಯಲ್ಲಿ ಬೇಗ ತುಂಬುತ್ತದೆ, ಬಾಗಿಲಿದ್ದರೆ ಮನೆಯೊಳಗೂ ಹೋಗುತ್ತದೆ. ಎಂಜಿನ್ ಬಿಸಿಯಾಗಲೆಂದು ಒಳಗೆ ಕಾಯದೆ, ಸ್ಟಾರ್ಟ್ ಮಾಡಿದ ಕೂಡಲೇ ಹೊರಗೆ ಬರಬೇಕು.

ಇಷ್ಟೆಲ್ಲ ಉಪಾಯಗಳಿಗಿಂತ ನನಗೆ ಪ್ರಿಯವಾದ ಪರಿಹಾರ ಕಾರನ್ನೇ ಚಿಕ್ಕದಾಗಿ ಕಟ್ಟಿದ್ದು. ಜಪಾನಿನ ಕೇ ಎಂಬ ವರ್ಗದ ಕಾರುಗಳಿಗೆ ಅಗಲ, ಉದ್ದ, ಎಂಜಿನ್ ಗಾತ್ರ ಎಲ್ಲಕ್ಕೂ ಸರ್ಕಾರದ ಮಿತಿಯಿದೆ: ಎಂಜಿನ್ 660 ಸಿಸಿ, ಅಗಲ 1998ರವರೆಗೆ 1.40 ಮೀಟರ್, ಆಮೇಲೆ 1.48. ಆ ಮಿತಿಯೊಳಗೇ ಎಂಜಿನಿಯರುಗಳು ನಿಜವಾದ ಸ್ಪೋರ್ಟ್ಸ್ ಕಾರು ಮಾಡಿದರು. 1991ರಲ್ಲಿ ಬಂದ ಹೊಂಡಾ ಬೀಟ್ 760 ಕೆ.ಜಿ. ತೂಗುತ್ತಿತ್ತು, ಎಂಜಿನ್ ನಟ್ಟನಡುವೆ, ಪೂರ್ಣ ಶಕ್ತಿ ಬರುವುದು ನಿಮಿಷಕ್ಕೆ 8,100 ಸುತ್ತಿನಲ್ಲಿ. ಅದೇ ವರ್ಷ ಸುಜುಕಿ ಕ್ಯಾಪುಚಿನೊ, ಮರುವರ್ಷ ರೆಕ್ಕೆ-ಬಾಗಿಲಿನ ಆಟೊಜಾಮ್ ಎಝಡ್-1 ಬಂದವು. 2015ರಿಂದ 2022ರವರೆಗೆ ತಯಾರಾದ ಹೊಂಡಾ ಎಸ್660 ಮೇಲಿನ ಲೆಕ್ಕದಲ್ಲಿ ಗುಡಿಸುವ ಪಟ್ಟಿ ಸುಮಾರು 2.3 ಮೀಟರ್. ನಮ್ಮ ಎರಡೂವರೆ ಮೀಟರಿನ ಬಾಯಿಯಲ್ಲಿ ಅದು ತಿರುಗುತ್ತಲೇ ಒಳಗೆ ಬಂದೀತು, ನಿಂತ ಮೇಲೆ ಒಂದು ಮೀಟರ್ ಜಾಗ ಮಿಗುತ್ತದೆ. ಬ್ರಿಟನ್ನಿನಲ್ಲೂ ಇಂಥದೊಂದಿತ್ತು, 1962ರ ಟ್ರಯಂಫ್ ಸ್ಪಿಟ್‌ಫೈರ್. ಮದ್ರಾಸಿನಲ್ಲೂ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗಿ ನಮ್ಮ ರಸ್ತೆಗಳಲ್ಲಿ ಓಡಾಡಿದ ಟ್ರಯಂಫ್ ಹೆರಾಲ್ಡ್‌ನ ಚಾಸಿಯನ್ನೇ ಗಿಡ್ಡ ಮಾಡಿ ಅದನ್ನು ಕಟ್ಟಿದ್ದರು. ಮುಂದಿನ ಗಾಲಿಗಳು ಬೇರೆ ಕಾರುಗಳಿಗಿಂತ ಬಹಳ ಹೆಚ್ಚು ತಿರುಗುತ್ತಿದ್ದುದರಿಂದ 7.3 ಮೀಟರ್ ವ್ಯಾಸದ ವೃತ್ತದಲ್ಲಿ ಅದು ಪೂರ್ತಿ ಸುತ್ತು ಹಾಕುತ್ತಿತ್ತು.

ಅಗಲದ ಕಾರೇ ಬೇಕೆನ್ನುವವರು ಮುಂಗಡ ಕೊಡುವ ಮೊದಲು ಗ್ಯಾರೇಜಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಕಾರನ್ನು ಬರೆಯಲಿ: ಮೈ, ಕನ್ನಡಿ, ಬಾಗಿಲು ತೆರೆದಾಗಿನ ಕಮಾನು. ಆಮೇಲೆ ಷೋರೂಮಿನವರನ್ನು ಕೇಳಿ ಟೆಸ್ಟ್ ಡ್ರೈವ್ ಕಾರನ್ನು ಮನೆಗೇ ತರಿಸಿ, ರಿವರ್ಸ್‌ನಲ್ಲಿ ಒಳಗೆ ಹಾಕಿ, ಎಂಜಿನ್ ಆರಿಸಿ, ಇಳಿದು ನೋಡಲಿ.