ಓಂಕಾರ, ವೇಗಸ್ ನರ ಮತ್ತು ಸಂಧಿವಾತದ ಗುಳಿಗೆ



ಕಳೆದ ತಿಂಗಳ ಸಭೆ ಮುಗಿದ ಮೇಲೆ ಇಚಲಕರಂಜಿಯ ಸದಸ್ಯೆಯೊಬ್ಬರು ಮೊಬೈಲ್ ತೋರಿಸಿದರು. ದಿನಾ ಓಂಕಾರ ಹೇಳಿದರೆ ವೇಗಸ್ ನರ ಎಚ್ಚೆತ್ತು ಸಂಧಿವಾತ ವಾಸಿಯಾಗುತ್ತದೆ ಎಂಬ ವಾಟ್ಸ್‌ಆ್ಯಪ್ ಸಂದೇಶ. ಕೆಳಗೆ ನಿಮ್ಹಾನ್ಸ್ ಹೆಸರು. "ಗುಳಿಗಿ ಬಿಡ್ಲೇನ್ರೀ ಸರ?" ಎಂದು ಕೇಳಿದರು. ನಾನು ನಿವೃತ್ತ ಗುಮಾಸ್ತ, ಡಾಕ್ಟರ್ ಅಲ್ಲ. ಆದರೆ ಕಾಗದ ಪೂರ್ತಿ ಓದದೆ ಸಹಿ ಹಾಕುವ ಅಭ್ಯಾಸವಿಲ್ಲ. ಹಾಗಾಗಿ ಓದಿ ನೋಡಿದೆ.

ಲ್ಯಾಟಿನ್‌ನಲ್ಲಿ ವೇಗಸ್ ಎಂದರೆ ಅಲೆಮಾರಿ. ಈ ನರ ಮೆದುಳಿನಿಂದ ಹೊರಟು ಕುತ್ತಿಗೆಯ ಎರಡೂ ಬದಿಯಲ್ಲಿ ಇಳಿದು ಹೃದಯ, ಶ್ವಾಸಕೋಶ, ಕರುಳಿನವರೆಗೆ ಹೋಗುತ್ತದೆ. ಒಂದು ಕವಲು ಕಿವಿಗೂ ಇದೆ. ಗಾಯ, ಸೋಂಕು ಆದಾಗ ದೇಹ ಟಿಎನ್ಎಫ್ ಎಂಬ ಪ್ರೋಟೀನ್ ಹೊರಬಿಟ್ಟು ಉರಿಯೂತ ಎಬ್ಬಿಸುತ್ತದೆ. ಅದು ಬೇಕಾದದ್ದೇ. ರುಮಟಾಯ್ಡ್ ಸಂಧಿವಾತದಲ್ಲಿ ಮಾತ್ರ ಆ ಉರಿ ಆರುವುದೇ ಇಲ್ಲ, ಕೀಲುಗಳನ್ನೇ ತಿನ್ನುತ್ತದೆ. 2000ರಲ್ಲಿ ನ್ಯೂಯಾರ್ಕಿನ ಕೆವಿನ್ ಟ್ರೇಸಿ ಮತ್ತು ಸಂಗಡಿಗರು ಇಲಿಗಳ ವೇಗಸ್ ನರಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ ಟಿಎನ್ಎಫ್ ಇಳಿದದ್ದನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ನರದ ಸಂದೇಶ ಪ್ಲೀಹಕ್ಕೆ ತಲುಪಿ, ಅಲ್ಲಿನ ರಕ್ಷಕ ಕೋಶಗಳಿಗೆ "ಸಾಕು" ಎನ್ನುತ್ತದೆ ಎಂಬುದು ಮುಂದೆ ತಿಳಿಯಿತು.

2025ರ ಜುಲೈನಲ್ಲಿ ಅಮೆರಿಕದ ಔಷಧ ಇಲಾಖೆ ಇದಕ್ಕೊಂದು ಸಾಧನ ಒಪ್ಪಿತು. ಶಸ್ತ್ರಚಿಕಿತ್ಸೆ ಮಾಡಿ ಕುತ್ತಿಗೆಯಲ್ಲಿ ಕೂರಿಸುತ್ತಾರೆ. ದಿನಕ್ಕೆ ಒಂದು ನಿಮಿಷ ನರವನ್ನು ಮಿಡಿಯುತ್ತದೆ. ಅದೂ ದುಬಾರಿ ಹೊಸ ಔಷಧಗಳು ಫಲಿಸದವರಿಗೆ, ಇಲ್ಲವೆ ಒಗ್ಗದವರಿಗೆ ಮಾತ್ರ. ಪರೀಕ್ಷೆಯಲ್ಲಿ 242 ರೋಗಿಗಳಿದ್ದರು, ಎಲ್ಲರಿಗೂ ಸಾಧನ ಕೂರಿಸಲಾಗಿತ್ತು. ಚಾಲೂ ಮಾಡಿದವರಲ್ಲಿ ಮೂರು ತಿಂಗಳಿಗೆ ಸುಮಾರು ಶೇ. 35 ಜನ ಸುಧಾರಿಸಿದರು, ಚಾಲೂ ಮಾಡದವರಲ್ಲಿ ಶೇ. 24. ಲಾಭವಿದೆ, ಪವಾಡವಲ್ಲ.

ಇನ್ನು ನಿಮ್ಹಾನ್ಸ್. 2011ರಲ್ಲಿ ಅಲ್ಲಿಯವರು 12 ಮಂದಿ ಆರೋಗ್ಯವಂತರಿಂದ ಓಂಕಾರ ಹೇಳಿಸಿ ಮೆದುಳಿನ ಸ್ಕ್ಯಾನ್ ತೆಗೆದದ್ದು ನಿಜ. ಭಾವನೆಗಳಿಗೆ ಸಂಬಂಧಿಸಿದ ಭಾಗಗಳು ಶಾಂತವಾದವು. ಕಂಪನ ಕಿವಿಯ ಕವಲಿನ ಮೂಲಕ ವೇಗಸ್ ನರಕ್ಕೆ ಮುಟ್ಟಿರಬಹುದು ಎಂದು ಅವರು ಊಹಿಸಿದರು. ಆ ಅಧ್ಯಯನ ಉರಿಯೂತವನ್ನು ಅಳೆಯಲಿಲ್ಲ, ಸಂಧಿವಾತದ ಮಾತೂ ಅಲ್ಲಿಲ್ಲ. ಉಳಿದದ್ದು ಸಂದೇಶ ಬರೆದವರ ಸ್ವಂತ ಸೇರ್ಪಡೆ.

ಇಷ್ಟು ಓದಿ ಆ ಸದಸ್ಯೆಗೆ ಫೋನ್ ಮಾಡಿದರೆ, ಅವರು ಗುಳಿಗೆ ಬಿಟ್ಟು ಹತ್ತು ದಿನವಾಗಿತ್ತು. ಬೆರಳು ಬಾತು ರೊಟ್ಟಿ ಬಡಿಯಲಾಗುತ್ತಿಲ್ಲ ಎಂದರು. ಕೀಲು ಒಮ್ಮೆ ಸವೆದರೆ ಮರಳಿ ಬರುವುದಿಲ್ಲ, ನಾಳೆಯೇ ಡಾಕ್ಟರನ್ನು ಕಾಣಿರಿ ಎಂದೆ. ಹೋಗಿ ಬಂದರು, ಗುಳಿಗೆ ಮತ್ತೆ ಶುರುವಾಗಿದೆ. ಓಂಕಾರವನ್ನೂ ಬಿಟ್ಟಿಲ್ಲ, ನಾನೂ ದಿನಾ ಹೇಳುವವನೇ.

ಗಡಹಿಂಗ್ಲಜದ ಗುಂಪಿನಲ್ಲೂ ಅದೇ ಸಂದೇಶ ಓಡಾಡುತ್ತಿದೆಯಂತೆ. ಬಂದವರು ದಯವಿಟ್ಟು ಇದನ್ನೂ ಜೊತೆಗೆ ಕಳಿಸಿರಿ.

— ಕಾರ್ಯದರ್ಶಿ