ಮಣೆಯ ಮೇಲೊಂದು ಕುದುರೆ ಪಡೆ

ಸೋಮನಾಥಪುರದ ಕೇಶವ ದೇವಾಲಯಕ್ಕೆ ಹೋದವರ ಕಣ್ಣು ಮೊದಲು ಮೇಲಕ್ಕೇ ಹೋಗುತ್ತದೆ. ಕೆಳಗೆ, ನಕ್ಷತ್ರಾಕಾರದ ತಳಪಾಯದ ಮೂಲೆಮೂಲೆಗೂ ತಿರುಗಿಕೊಂಡು, ಒಂದು ಸೈನ್ಯವೇ ಹೊರಟಿರುತ್ತದೆ. ಅಡಿಯ ಸಾಲಿನಲ್ಲಿ ಆನೆಗಳು, ಅದರ ಮೇಲಿನ ಸಾಲಿನಲ್ಲಿ ಸವಾರರನ್ನು ಹೊತ್ತ ಕುದುರೆಗಳು. ತಿ. ನರಸೀಪುರ ತಾಲ್ಲೂಕಿನ ಈ ಗುಡಿಯನ್ನು 13ನೇ ಶತಮಾನದಲ್ಲಿ ಕಟ್ಟಿಸಿದವನು ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ಸೇನಾಪತಿಯ ಗುಡಿಯಲ್ಲಿ ಸೈನ್ಯ ಇರುವುದು ಸಹಜವೇ. ಪಕ್ಕದ ತಲಕಾಡಿನಿಂದ ಆಳಿದ ಗಂಗರು ಆನೆಯ ಮೇಲೆ ಶಾಸ್ತ್ರವನ್ನೇ ಬರೆದವರು. ಆನೆ ನಮ್ಮ ಕಾಡಿನ ಪ್ರಾಣಿ. ಒಳ್ಳೆಯ ಯುದ್ಧದ ಕುದುರೆ ಮಾತ್ರ ಅರಬ್ ನಾಡಿನಿಂದ ಕಡಲು ದಾಟಿ ಬರಬೇಕಿತ್ತು. ಹಾಗಾಗಿ ಕಲ್ಲಿನಲ್ಲಿ ಸಾಲಾಗಿ ಓಡುವ ಆ ಕುದುರೆಗಳು ಅಂದಿನ ಲೆಕ್ಕದಲ್ಲಿ ಭಾರಿ ದುಡ್ಡು.

ಇಂಥದೇ ಸಾಲನ್ನು ಹೆಬ್ಬೆರಳಿನಷ್ಟು ಎತ್ತರದ ಗೊಂಬೆಗಳಲ್ಲಿ ಕಟ್ಟಿ, ಊಟದ ಮೇಜಿನ ಮೇಲೆ ಯುದ್ಧ ಆಡುವ ಹವ್ಯಾಸವೊಂದು ಇಂಗ್ಲೆಂಡಿನಲ್ಲಿ ಬೆಳೆದು ಈಗ ಜಗತ್ತೆಲ್ಲ ಹಬ್ಬಿದೆ. ಅದರಲ್ಲಿ ಹೆಸರಾದದ್ದು 1983ರಲ್ಲಿ ಗೇಮ್ಸ್ ವರ್ಕ್‌ಶಾಪ್ ಕಂಪನಿ ಹೊರತಂದ ವಾರ್‌ಹ್ಯಾಮರ್. ಅದು ಕಲ್ಪಿತ ಲೋಕದ ಯುದ್ಧ: ಎದ್ದು ಬರುವ ಶವಗಳು, ಕುಬ್ಜರು, ರಾಕ್ಷಸರು, ಮಂತ್ರವಾದಿಗಳು. ಆ ಲೋಕದಲ್ಲಿ ಬ್ರೆಟೋನಿಯ ಎಂಬ ನಾಡಿದೆ. ಅದರ ಬಲವೆಲ್ಲ ಕವಚ ತೊಟ್ಟ ಸವಾರರು. ಕುದುರೆ ಪಡೆಯನ್ನೇ ನೆಚ್ಚಿ ಆಡುವವರಿಗೆ ಅದು ಮನೆದೇವರಿದ್ದಂತೆ. 2015ರಲ್ಲಿ ಕಂಪನಿ ಹಳೆಯ ಲೋಕವನ್ನು ಮುಚ್ಚಿ ಹೊಸದನ್ನು ತೆರೆಯಿತು. ಅಭಿಮಾನಿಗಳ ಮುನಿಸು ತಣಿಯಲೇ ಇಲ್ಲ. 2024ರ ಜನವರಿಯಲ್ಲಿ ಹಳೆಯದು ಬೇರೊಂದು ಹೆಸರಿನಲ್ಲಿ ಮರಳಿ ಬಂದಾಗ ಮೊದಲು ಅಂಗಡಿಗೆ ಬಂದ ಎರಡು ಪಡೆಗಳಲ್ಲಿ ಒಂದು ಬ್ರೆಟೋನಿಯದ್ದೇ.

ಪಡೆ ಕಟ್ಟುವುದೆಂದರೆ ಮೊದಲು ಕೈಗೆಲಸ. ಪ್ಲಾಸ್ಟಿಕ್ ಚೌಕಟ್ಟಿನಿಂದ ಕುದುರೆಯ ಎರಡು ಹೋಳು, ಸವಾರನ ಮೈ, ತೋಳು, ಭರ್ಜಿ ಎಲ್ಲವನ್ನೂ ಕತ್ತರಿಸಿ, ಅಂಚು ಉಜ್ಜಿ, ಅಂಟು ಹಾಕಿ, ಸಣ್ಣ ಕುಂಚದಿಂದ ಬಣ್ಣ ಬಳಿಯಬೇಕು. ಕುದುರೆಯ ಮೇಲು ಹೊದಿಕೆಯ ಚಿತ್ತಾರಕ್ಕೇ ಒಂದು ಸಂಜೆ ಹೋದೀತು. ಅದರ ಮೇಲೆ ಲೆಕ್ಕ. ಪ್ರತಿ ಗೊಂಬೆಗೂ ಇಷ್ಟು ಅಂಕ ಎಂದು ಬೆಲೆ ಕಟ್ಟಿರುತ್ತಾರೆ. ಇಬ್ಬರೂ ಎರಡು ಸಾವಿರ ಅಂಕದೊಳಗೆ ಎಂಬಂಥ ಮಿತಿ ಒಪ್ಪಿಕೊಂಡು ಪಡೆ ಆರಿಸುತ್ತಾರೆ. ಒಬ್ಬ ಕವಚಧಾರಿ ಸವಾರನ ಬೆಲೆಗೆ ಮೂರು ನಾಲ್ಕು ಕಾಲಾಳು ಬರುತ್ತಾರೆ. ಹೀಗಾಗಿ ಕುದುರೆ ಪಡೆಯವನ ಕಡೆ ಜನ ಯಾವಾಗಲೂ ಕಮ್ಮಿ.

ಆ ಕೊರತೆಯನ್ನು ಓಟ ತುಂಬಬೇಕು. ಮೇಜಿನ ಮೇಲೆ ಚೌಕಗಳಿಲ್ಲ, ಟೇಪು ಹಿಡಿದು ಅಂಗುಲದಲ್ಲಿ ಅಳೆಯುತ್ತಾರೆ. ಮನುಷ್ಯ ಕಾಲಾಳು ನಾಲ್ಕಂಗುಲ ನಡೆದರೆ ಕುದುರೆ ಎಂಟಂಗುಲ. ಭರ್ಜಿಯ ಪೂರ್ತಿ ಬಲ ನುಗ್ಗಿ ಬಂದ ಆ ಒಂದು ಸರದಿಯಲ್ಲಿ ಮಾತ್ರ. ಮೊದಲ ಏಟಿಗೆ ಎದುರಾಳಿಯ ಸಾಲು ಮುರಿಯದಿದ್ದರೆ ಸವಾರ ಅಲ್ಲೇ ಸಿಕ್ಕಿಹಾಕಿಕೊಂಡ. ದುಬಾರಿ ಕುದುರೆಯ ಮೇಲೆ ಕೂತ ಕಾಲಾಳು ಆದ. ಹೊಸಬರು ಮಾಡುವ ತಪ್ಪು ಒಂದೇ: ನೇರ ಮುಂದಕ್ಕೆ ನುಗ್ಗುವುದು. ಪಳಗಿದವರು ಒಂದು ದಂಡನ್ನು ಎದುರಿಗೆ ನಿಲ್ಲಿಸಿ ಹೆದರಿಸುತ್ತ, ಇನ್ನೊಂದನ್ನು ಸುತ್ತು ಹಾಕಿಸಿ ಪಕ್ಕೆಗೆ ತರುತ್ತಾರೆ. ಪಕ್ಕೆಗೆ ಬಿದ್ದ ಏಟಿಗೆ ಎಷ್ಟು ಸಾಲು ಕಾಲಾಳಿದ್ದರೂ ಉಪಯೋಗ ಅಷ್ಟಕ್ಕಷ್ಟೆ. ಕುದುರೆಯ ಬಲ ಅದರ ಗೊರಸಿನಲ್ಲಿಲ್ಲ, ಸುತ್ತಲಿನ ಖಾಲಿ ಜಾಗದಲ್ಲಿದೆ. ಜಾಗ ಹೋಯಿತೋ, ಕುದುರೆಯೂ ಹೋಯಿತು.

ಈ ಪಾಠ ಕಲಿಯಲು ನಮ್ಮ ನಂಜನಗೂಡು ತಾಲ್ಲೂಕು ಇಂಗ್ಲೆಂಡಿನವರಿಗಾಗಿ ಕಾಯಬೇಕಿರಲಿಲ್ಲ. ಇಲ್ಲಿನ ಕಳಲೆ, ಮೈಸೂರು ಸಂಸ್ಥಾನಕ್ಕೆ ದಳವಾಯಿಗಳನ್ನು, ಎಂದರೆ ಸೇನಾಪತಿಗಳನ್ನು, ಕೊಟ್ಟ ಊರು. ಕಬಿನಿಗೆ 1735ರಲ್ಲಿ ಕಟ್ಟಿದ ನಂಜನಗೂಡಿನ ಹಳೆಯ ಸೇತುವೆಯೂ ದಳವಾಯಿ ದೇವರಾಜಯ್ಯನವರ ಹೆಸರಿನದೇ. ಆ ಮನೆತನದ ಕರಾಚೂರಿ ನಂಜರಾಜಯ್ಯ ಕತ್ತಿ ಹಿಡಿದಷ್ಟೇ ಸಲೀಸಾಗಿ ಕನ್ನಡದಲ್ಲಿ ಶೈವ ಗ್ರಂಥಗಳನ್ನೂ ಬರೆದವರು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅವರ ಕಣ್ಣಿಗೆ ಬಿದ್ದ ಒಬ್ಬ ಸಿಪಾಯಿಗೆ 50 ಕುದುರೆ, 200 ಕಾಲಾಳಿನ ನಾಯಕತ್ವ ಸಿಕ್ಕಿತು. ಅವನು ಹೈದರ್ ಅಲಿ. ಇಪ್ಪತ್ತು ವರ್ಷದ ಮೇಲೆ, 1769ರಲ್ಲಿ, ಇಂಗ್ಲಿಷರ ಪಡೆಯನ್ನು ಹಿಂದೆ ಬಿಟ್ಟು ಸುಮಾರು 6,000 ಸವಾರರೊಡನೆ ಮೂರೂವರೆ ದಿನದಲ್ಲಿ 130 ಮೈಲಿ ಓಡಿ ಮದರಾಸಿನ ಹೊರವಲಯದಲ್ಲಿ ನಿಂತ. ಕೋಟೆಗೆ ಢಿಕ್ಕಿ ಹೊಡೆಯಲಿಲ್ಲ. ಅಲ್ಲಿ ನಿಂತದ್ದೇ ಸಾಕಾಯಿತು. ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸಂಧಿಗೆ ಸಹಿ ಹಾಕಿತು. ಮೇಜಿನ ಮೇಲೆ ಪಕ್ಕೆ ಸುತ್ತುವವರೆಲ್ಲ ಆಡುವುದು ಈ ಆಟವನ್ನೇ.

1799ರಲ್ಲಿ ಐದು ವರ್ಷದ ಹುಡುಗನಾಗಿ ಮೈಸೂರಿನ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲಕ್ಕೆ ಈ ಕುದುರೆಗಳ ಲಗಾಮು ಬೇರೆಯವರ ಕೈ ಸೇರಿತ್ತು. 1807ರ ಒಪ್ಪಂದದಂತೆ ಮೈಸೂರು 4,000 ಸವಾರರನ್ನು ಸಾಕಬೇಕು, ಕಂಪನಿ ಕರೆದಲ್ಲಿಗೆ ಕಳಿಸಬೇಕು. ಇವರು ಸಿಲ್ಲೇದಾರರು: ಕುದುರೆ ಸವಾರನ ಸ್ವಂತದ್ದು, ಸಂಬಳ ಸರಕಾರದ್ದು. 1831ರಲ್ಲಿ ಆಡಳಿತವೇ ಅರಸರ ಕೈತಪ್ಪಿತು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತಾರು ವರ್ಷಕ್ಕೂ ಮೀರಿ, ಅವರು ಹೆಸರಿಗಷ್ಟೇ ಅರಸರು. ಅಪ್ಪಣೆ ಕೊಡಲು ಸೈನ್ಯವಿಲ್ಲದ ಆ ದೊರೆ ತನ್ನದೇ ಆಟದ ಸೈನ್ಯಗಳನ್ನು ಕಾಗದ, ರೇಷ್ಮೆ, ದಂತಗಳ ಮೇಲೆ ಕಟ್ಟಿದರು. ಇದನ್ನು ಕಾಲಹರಣ ಎಂದು ತಳ್ಳಿಹಾಕುವ ಚರಿತ್ರಕಾರರ ಮಾತು ನನಗೆ ಒಪ್ಪಿಗೆಯಿಲ್ಲ. ಅವರ ‘ಶ್ರೀತತ್ತ್ವನಿಧಿ’ ಗ್ರಂಥದ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಗಂಜೀಫಾ ಎಂಬ ಇಸ್ಪೀಟಿನಂಥ ಆಟಕ್ಕೆ ಅವರು ರೂಪಿಸಿದ ಎಲೆಕಟ್ಟುಗಳಲ್ಲಿ ಚಾಮುಂಡೇಶ್ವರಿ ಛದಕ್ಕೆ 320 ಎಲೆ, ಜಗನ್ಮೋಹನ ಛದಕ್ಕೆ 360. ಇಂದಿನ ಕಲ್ಪನಾಲೋಕದ ಯುದ್ಧದಾಟಗಳ ನಿಯಮ ಪುಸ್ತಕ ದಪ್ಪವಾಯಿತೆಂದು ಗೊಣಗುವವರು ಒಮ್ಮೆ ಆ ಎಲೆಗಳ ವ್ಯವಸ್ಥೆಯನ್ನು ನೋಡಬೇಕು.

ಮುಮ್ಮಡಿಯವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಚದುರಂಗದ ಕುದುರೆ. ಮಂತ್ರಿ, ಒಂಟೆಗಳ ನಡೆ 15ನೇ ಶತಮಾನದ ಯುರೋಪಿನಲ್ಲಿ ಬದಲಾಯಿತು. ಕುದುರೆ ಮಾತ್ರ ಹುಟ್ಟಿದಾಗಿನಿಂದ ಹೀಗೆಯೇ: ಎರಡು ಮನೆ ನೆಟ್ಟಗೆ, ಒಂದು ಮನೆ ಅಡ್ಡಕ್ಕೆ, ನಡುವೆ ಯಾರಿದ್ದರೂ ಹಾರಿಕೊಂಡು. ಈ ಸೊಟ್ಟ ನಡೆಯಿಂದ 64 ಮನೆಗಳನ್ನೂ ಒಂದೊಂದು ಸಲ ಮಾತ್ರ ಮೆಟ್ಟಿ ಬರಬೇಕೆಂಬುದು ಹಳೆಯ ಸವಾಲು. 9ನೇ ಶತಮಾನದ ರುದ್ರಟ ತನ್ನ ‘ಕಾವ್ಯಾಲಂಕಾರ’ದಲ್ಲಿ ಅರ್ಧ ಮಣೆಯ ಮೇಲೆ ಇದನ್ನು ಪದ್ಯವಾಗಿ ಕಟ್ಟಿದ. ಕಲ್ಯಾಣದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿಯೂ ಚದುರಂಗ, ಕುದುರೆಯ ದಾರಿ ಎರಡೂ ಇವೆ. ದಿಲ್ಲಿಯ ಪಡೆ ಶ್ರೀರಂಗಕ್ಕೆ ನುಗ್ಗಿದ ಕಾಲದಲ್ಲಿ ತಲಕಾಡಿನಿಂದ ಹೆಚ್ಚು ದೂರವಿಲ್ಲದ ಸತ್ಯಗಾಲದಲ್ಲಿ ನೆಲೆಸಿದ್ದ ವೇದಾಂತ ದೇಶಿಕರು ತಮ್ಮ ‘ಪಾದುಕಾ ಸಹಸ್ರ’ದಲ್ಲಿ ಎರಡು ಶ್ಲೋಕಗಳನ್ನು ಜೋಡಿಸಿದ್ದಾರೆ. ಮೊದಲನೆಯದರ 32 ಅಕ್ಷರಗಳನ್ನು ನಾಲ್ಕು ಸಾಲಿನಲ್ಲಿ ಬರೆದು ಕುದುರೆ ಹಾರಿದಂತೆ ಓದಿದರೆ ಎರಡನೆಯ ಶ್ಲೋಕ ಹೊರಬರುತ್ತದೆ. ಎರಡಕ್ಕೂ ಅರ್ಥವಿದೆ. ಇದನ್ನು ಕೇಳಿಯೂ ಬೆರಗಾಗದವರಿಗೆ ಬೇರೇನು ಹೇಳಲಿ?

ಮುಮ್ಮಡಿಯವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕುದುರೆ ಮೆಟ್ಟಿದ ಮನೆಗಳಿಗೆ ಒಂದರಿಂದ 64ರವರೆಗೆ ಅಂಕಿ ಹಾಕುತ್ತ ಹೋದರೆ, ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿ 260 ಬರುವಂಥ ದಾರಿ ಅವರ ಹೆಸರಿನಲ್ಲಿ ದಾಖಲಾಗಿದೆ. ಯುರೋಪಿನಲ್ಲಿ ಅಂಥ ಮೊದಲ ದಾರಿಯನ್ನು ವಿಲಿಯಂ ಬೆವರ್ಲಿ ಪ್ರಕಟಿಸಿದ್ದು 1848ರಲ್ಲಿ. ಅದರ ಮರುವರ್ಷ, 1849ರಲ್ಲಿ, ಇಂದು ಜಗತ್ತೆಲ್ಲ ಬಳಸುವ ಸ್ಟಾಂಟನ್ ಮಾದರಿಯ ಚದುರಂಗದ ಕಾಯಿಗಳು ಲಂಡನ್ನಿನಲ್ಲಿ ನೋಂದಣಿಯಾದವು. ಅದೇ ವರ್ಷ ಮುಮ್ಮಡಿಯವರ ರಾಣಿ ದೇವಾಜಮ್ಮಣ್ಣಿಯವರು ನಂಜನಗೂಡಿನ ಶ್ರೀಕಂಠೇಶ್ವರನಿಗೆ ಒಂಬತ್ತು ನೆಲೆಯ ಗೋಪುರ ಕಟ್ಟಿಸಿದರು. ಆ ಗುಡಿಯೊಳಗೆ ಅರಸರ, ರಾಣಿಯರ ಭಕ್ತವಿಗ್ರಹಗಳಿವೆ. ಕೈಮುಗಿದು ನಿಂತ ಆ ಅರಸನ ತಲೆಯಲ್ಲಿ 64 ಮನೆಗಳ ಕುದುರೆ ಓಡುತ್ತಿತ್ತೆಂಬುದು ದರ್ಶನಕ್ಕೆ ಸಾಲು ನಿಂತವರಲ್ಲಿ ಎಷ್ಟು ಮಂದಿಗೆ ಗೊತ್ತೋ.

ಸಾಲುಗಳ ಜೊತೆಗೆ ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಗಳೂ 260 ಆದಾವೇ? 2003ರಲ್ಲಿ ಕಂಪ್ಯೂಟರುಗಳನ್ನು ಓಡಿಸಿ ಎಲ್ಲ ದಾರಿಗಳನ್ನೂ ಜಾಲಾಡಿದ ಮೇಲೆ ಉತ್ತರ ಸಿಕ್ಕಿತು: 64 ಮನೆಯ ಮಣೆಯಲ್ಲಿ ಅದು ಸಾಧ್ಯವೇ ಇಲ್ಲ.

ಬರಿಯ ಸುತ್ತು ಮುಗಿಸುವುದು ಅಷ್ಟು ಕಷ್ಟವಲ್ಲ. ಮೂಲೆಯಲ್ಲಿ ನಿಂತ ಕುದುರೆಗೆ ಎರಡೇ ದಾರಿ, ಮಣೆಯ ನಡುವೆ ನಿಂತದ್ದಕ್ಕೆ ಎಂಟು. 1823ರಲ್ಲಿ ಜರ್ಮನಿಯ ವಾರ್ನ್ಸ್‌ಡಾರ್ಫ್ ಎಂಬಾತ ಒಂದು ಉಪಾಯ ಹೇಳಿದ: ಮುಂದೆ ಹೋಗಬಹುದಾದ ಮನೆಗಳಲ್ಲಿ, ಎಲ್ಲಿಂದ ಮುಂದಕ್ಕೆ ದಾರಿ ಅತಿ ಕಡಿಮೆಯೋ ಅಲ್ಲಿಗೇ ಮೊದಲು ಹೋಗು. ಇಕ್ಕಟ್ಟಿನ ಮನೆಗಳನ್ನು ಮೊದಲೇ ಮುಗಿಸಿಬಿಟ್ಟರೆ ಕೊನೆಗೆ ವಿಶಾಲ ಜಾಗ ಉಳಿಯುತ್ತದೆ. ಪೆನ್ಸಿಲು, ಚೌಕದ ಹಾಳೆ ಇದ್ದರೆ ಮಿಡ್ಲ್‌ಸ್ಕೂಲಿನ ಹುಡುಗಿಯೂ ಮಾಡಬಲ್ಲಳು.

ಚದುರಂಗದಿಂದ ವಾರ್‌ಹ್ಯಾಮರ್‌ವರೆಗಿನ ದಾರಿ ತೀರ ಉದ್ದವೇನಲ್ಲ. 1780ರಲ್ಲಿ ಬ್ರನ್ಸ್‌ವಿಕ್‌ನ ಹೆಲ್ವಿಗ್ ಚದುರಂಗದ ಮಣೆಯನ್ನು ಸಾವಿರಕ್ಕೂ ಮಿಕ್ಕ ಚೌಕಗಳಿಗೆ ಹಿಗ್ಗಿಸಿ, ಕೆರೆ, ಬೆಟ್ಟ, ಜೌಗುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟ. 1824ರಲ್ಲಿ ಪ್ರಷ್ಯದ ಅಧಿಕಾರಿ ರೈಸ್‌ವಿಟ್ಸ್ ಚೌಕಗಳನ್ನೇ ಕಿತ್ತುಹಾಕಿ, ನಿಜವಾದ ನಕ್ಷೆಯ ಮೇಲೆ ದಾಳ ಹಾಕಿ ಆಡುವುದನ್ನು ಸೈನ್ಯಕ್ಕೆ ಕಲಿಸಿದ. 1913ರಲ್ಲಿ ಕಾದಂಬರಿಕಾರ ಎಚ್. ಜಿ. ವೆಲ್ಸ್ ತವರದ ಸಿಪಾಯಿಗಳಿಗೆ ನಿಯಮ ಬರೆದ. ಆಮೇಲೆ ಅಮೆರಿಕದವರು ಮಂತ್ರವಾದಿಗಳನ್ನೂ ಡ್ರ್ಯಾಗನ್‌ಗಳನ್ನೂ ಸೇರಿಸಿದರು.

ನಮ್ಮ ಹಳ್ಳಿಯ ಜಗಲಿಯಲ್ಲೂ ಇದರ ಹತ್ತಿರದ ನೆಂಟ ಇದ್ದಾನೆ. ಚದುರಂಗದಲ್ಲಿ ಎರಡೂ ಪಡೆ ಸಮಸಮ. ಆಡು ಹುಲಿ ಆಟದಲ್ಲಿ ಹಾಗಲ್ಲ. ಮೂರು ಹುಲಿಗೆ ಹದಿನೈದು ಆಡು. ಹುಲಿ ಹಾರಿ ಕೊಲ್ಲುತ್ತದೆ, ಆಡುಗಳು ಒತ್ತೊತ್ತಾಗಿ ನಿಂತು ಹುಲಿಯ ದಾರಿ ಕಟ್ಟುತ್ತವೆ. ಸಂಖ್ಯೆ ಕಡಿಮೆ, ಓಟ ಹೆಚ್ಚು ಇರುವವನು ಜಾಗಕ್ಕಾಗಿ ಹೇಗೆ ಒದ್ದಾಡಬೇಕೆಂಬುದನ್ನು ಕುದುರೆ ಪಡೆಯವನಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ. ಸೀಮೆಸುಣ್ಣ, ಹುಣಸೆಬೀಜ ಇದ್ದರೆ ಖರ್ಚೂ ಇಲ್ಲ.

ಖರ್ಚಿನ ಮಾತು ಬಂದದ್ದರಿಂದ ಹೇಳುತ್ತೇನೆ: ಹೊರದೇಶದ ಗೊಂಬೆಪಡೆ ಕೊಳ್ಳುವುದು ಜೇಬಿಗೆ ಭಾರ. ಶುರುಮಾಡುವವರು ರಟ್ಟು ಕತ್ತರಿಸಿ ಪಡೆ ಕಟ್ಟಿಕೊಳ್ಳಲಿ. ಹೊಯ್ಸಳ ಸವಾರರ ಚಿತ್ರ ಬರೆದು ಅಂಟಿಸಿದರೆ ಅದೇ ಚೆಂದ. ಮರದ್ದೇ ಬೇಕೆಂದರೆ ಚನ್ನಪಟ್ಟಣದ ಹಾಲೆಮರವಿದೆ. ಆದರೆ ಒಂದು ತೊಡಕು. ಕಾಲಾಳು, ಒಂಟೆ, ಮಂತ್ರಿ ಎಲ್ಲವೂ ಚರಕಿಗೆ ಕೊಟ್ಟರೆ ದುಂಡಗೆ ಬರುತ್ತವೆ. ಕುದುರೆಯ ಮುಖ ಮಾತ್ರ ಕೈಯುಳಿಯಿಂದಲೇ ಆಗಬೇಕು. ಚದುರಂಗದ ಕಾಯಿಗಳಲ್ಲಿ ಹೆಚ್ಚು ದುಡಿಮೆ ಕೇಳುವುದು ಅದೇ. ಅಂಗಡಿಯಲ್ಲಿ ಸೆಟ್ ಕೊಳ್ಳುವಾಗ ಮೊದಲು ಕುದುರೆಯನ್ನು ಕೈಗೆತ್ತಿಕೊಂಡು ನೋಡಿ, ಕೆಲಸಗಾರನ ಕೈ ಅಲ್ಲೇ ಗೊತ್ತಾಗುತ್ತದೆ.

ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳ ಮೂಲಕ ಹಳೆಯ ಮಣೆಯಾಟಗಳನ್ನು, ಬೇರೆ ಬೇರೆ ಊರಿನ ಕುಶಲಕರ್ಮಿಗಳಿಂದ ಮಾಡಿಸಿದ ಮಣೆ, ಕಾಯಿಗಳನ್ನು ಜನರ ಮುಂದಿಡುತ್ತ ಬಂದಿದೆ. ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿ ಮುಮ್ಮಡಿಯವರ ಆಟಗಳ ಕುರುಹುಗಳಿವೆ. ಆದರೆ ಇವೆಲ್ಲ ಹುಡುಕಿಕೊಂಡು ಹೋಗುವವರಿಗೆ. ಸುತ್ತೂರು ಜಾತ್ರೆಯಲ್ಲಿ ಕುಸ್ತಿಗೆ ಅಖಾಡವಿದೆ, ವಸ್ತುಪ್ರದರ್ಶನವಿದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಆಟಿಕೆ ಅಂಗಡಿಗಳ ಸಾಲೇ ಇರುತ್ತದೆ. ಅಲ್ಲೊಂದು ಮೇಜು ಹಾಕಿ, 64 ಮನೆಯ ಹಾಳೆ ಮತ್ತು ಒಂದು ಮರದ ಕುದುರೆ ಇಟ್ಟು, ಸುತ್ತು ಮುಗಿಸಿದ ಮಕ್ಕಳಿಗೆ ಒಂದು ಬಹುಮಾನ ಕೊಡಬಾರದೇಕೆ? ಮುಮ್ಮಡಿಯವರ ದಾರಿಯನ್ನು ಅದೇ ಹಾಳೆಯ ಹಿಂಬದಿಯಲ್ಲಿ ಅಚ್ಚು ಹಾಕಿಸಿದರೆ ತಗಲುವುದು ಹೆಚ್ಚೆಂದರೆ ಕೆಲವು ರೂಪಾಯಿ. ಜಾತ್ರೆ ಸಮಿತಿಯವರು, ಊರಿನ ಗಣಿತದ ಮೇಷ್ಟರು ಮನಸ್ಸು ಮಾಡಲಿ.