ದೀಪದ ಕೆಳಗಿನ ಗಿಡ ಬೆಳೆಯದಿರುವುದೇಕೆ?

ತಾರಮಂಗಲ ಮಗ್ಗಗಳ ಊರು. ಒತ್ತೊತ್ತಾಗಿ ಕಟ್ಟಿದ ನೇಕಾರರ ಮನೆಗಳಲ್ಲಿ ಮಗ್ಗಕ್ಕೇ ಜಾಗ ಸಾಲದಿರುವಾಗ ಹೂಕುಂಡಕ್ಕೆ ಬಿಸಿಲು ಎಲ್ಲಿಂದ ಬರಬೇಕು? ಎಲ್‌ಇಡಿ ದೀಪದ ಕೆಳಗೆ ತುಳಸಿ, ಪುದೀನಗಳನ್ನು ಒಳಮನೆಯಲ್ಲೂ ಬೆಳೆಸಬಹುದು. ಆದರೆ ಗಿಡವು ಸಾಯದೆ, ಬೆಳೆಯದೆ ತಿಂಗಳುಗಟ್ಟಲೆ ಹಾಗೆಯೇ ನಿಂತುಬಿಡುವುದುಂಟು. ಕೂಡಲೇ ಎಲ್ಲರ ಕೈ ಗೊಬ್ಬರದ ಕಡೆಗೆ ಹೋಗುತ್ತದೆ. ಮೊದಲು ನೋಡಬೇಕಾದುದು ದೀಪವನ್ನು.

ಇಲ್ಲಿ ನಮ್ಮ ಕಣ್ಣು ನಂಬತಕ್ಕ ಸಾಕ್ಷಿಯಲ್ಲ. ನಡುಹಗಲಿನ ಬಯಲಿನಲ್ಲಿ ಬೆಳಕು ಸುಮಾರು 1,00,000 ಲಕ್ಸ್. ಓದಲು ಸಾಕೆನಿಸುವ ಕೋಣೆಯಲ್ಲಿ 300ರಿಂದ 500 ಮಾತ್ರ. ಕಣ್ಣು ಎರಡಕ್ಕೂ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ. ಎಲೆಯು ಬೆಳಕಿರುವಾಗ ಮಾತ್ರ ಆಹಾರ ತಯಾರಿಸುತ್ತದೆ. ಉಸಿರಾಟಕ್ಕಾಗಿ ಅದನ್ನು ಹಗಲಿರುಳೂ ವೆಚ್ಚಮಾಡುತ್ತದೆ. ಜಮೆಯೂ ಖರ್ಚೂ ಸರಿಸಮವಾದರೆ ಗಿಡ ಬದುಕಿರುತ್ತದೆ, ಬೆಳೆಯುವುದಿಲ್ಲ.

ಸಣ್ಣ ಬಲ್ಬಿನಿಂದ ದೂರವು ಇಮ್ಮಡಿಯಾದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಆದ್ದರಿಂದ ಸೂರಿನಲ್ಲಿರುವ ದೀಪವನ್ನು ಗಿಡದ ತುದಿಯಿಂದ ಒಂದಡಿಯಷ್ಟು ಮೇಲಕ್ಕೆ ಇಳಿಸಿ ಕಟ್ಟಿರಿ. ಕಾಂಡ ಸಣಕಲಾಗಿ ಉದ್ದಕ್ಕೆ ಬಾಗಿದರೆ ಬೆಳಕು ಸಾಲದೆಂದೂ, ತುದಿಯೆಲೆ ಬಿಳಿಚಿದರೆ ದೀಪ ತೀರ ಹತ್ತಿರವಾಯಿತೆಂದೂ ತಿಳಿಯಬಹುದು. ದಿನಕ್ಕೆ 12ರಿಂದ 14 ಗಂಟೆ ಉರಿಸಿದರೆ ಸಾಕು. ರಾತ್ರಿಯೆಲ್ಲ ಉರಿಸಿದರೆ ಸೇವಂತಿಗೆಯಂಥ ಗಿಡ ಹೂವನ್ನೇ ಬಿಡದು. ಅದಕ್ಕೆ ಮೊಗ್ಗಾಗಲು ದೀರ್ಘವಾದ ಕತ್ತಲೆ ಬೇಕು.

ಬೆಳಕು ಕಡಿಮೆಯಾದ ಗಿಡ ನೀರನ್ನೂ ಕಡಿಮೆ ಕುಡಿಯುತ್ತದೆ. ಅಂಗಳದ ಗಿಡಕ್ಕೆಂಬಂತೆ ದಿನಾಲೂ ನೀರೆರೆದರೆ ಮಣ್ಣಿನೊಳಗಿನ ಗಾಳಿ ಹೊರಬಿದ್ದು ಬೇರು ಕೊಳೆಯುತ್ತದೆ. ಎಲೆ ಹಳದಿಯಾಗುತ್ತದೆ, ಪಾಪ, ಒಣಗಿತೆಂದು ತಿಳಿದು ಇನ್ನೊಂದು ಚೊಂಬು ಸುರಿಯುವವರೇ ಹೆಚ್ಚು! ಬೆರಳನ್ನು ಒಂದು ಅಂಗುಲ ಮಣ್ಣಿಗೆ ಊರಿ ನೋಡಿ, ಒಣಗಿದ್ದರೆ ಮಾತ್ರ ಎರೆಯಿರಿ. ಕುಂಡದ ತಳದ ತೂತು ಕಟ್ಟಿಲ್ಲವಷ್ಟೆ?

ಸೇಲಂ ಸಮೀಪದ ಗುಡ್ಡಗಳಲ್ಲಿ ಮ್ಯಾಗ್ನೆಸೈಟ್ ಅದಿರಿದೆ. ಅಂಥ ನೆಲದ ಕೊಳವೆಬಾವಿಯ ನೀರು ಗಡಸಾಗುವುದು ಸಹಜ. ಕುಂಡದ ಅಂಚಿನಲ್ಲಿ ಬಿಳಿಯ ಹುಡಿ ಕಟ್ಟಿದ್ದರೆ ಅದು ಲವಣ. ಹಿಡಿದಿಟ್ಟ ಮಳೆನೀರನ್ನು ಧಾರಾಳವಾಗಿ ಎರೆದು ತಳದಿಂದ ಬಸಿದುಹೋಗಲು ಬಿಡಿರಿ. ಬೇರುಗಳು ಕುಂಡದೊಳಗೆ ಸುತ್ತಿಕೊಂಡಿದ್ದರೆ ದೊಡ್ಡ ಕುಂಡಕ್ಕೆ ಬದಲಿಸಿರಿ. ಗೊಬ್ಬರದ ಸರದಿ ಇವೆಲ್ಲ ಆದ ಮೇಲೆ, ಅದೂ ತೆಳುವಾಗಿ.

ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಮೊದಲು ದೀಪವನ್ನು ಇಳಿಸಿ, ಪಕ್ಕದಲ್ಲೊಂದು ಕಡ್ಡಿ ನೆಟ್ಟು, ವಾರಕ್ಕೊಮ್ಮೆ ಗಿಡದ ಎತ್ತರವನ್ನು ಗುರುತುಮಾಡಿರಿ. ಹಳೆಯ ಎಲೆ ಮೊದಲಿನಂತಾಗುವುದಿಲ್ಲ; ಮೂರು ವಾರದೊಳಗೆ ಮೂಡುವ ಹೊಸ ಎಲೆಯನ್ನು ನೋಡಿರಿ.